ಓಡುವ ದಾರಿಯಲ್ಲಿ ಗಾಯಗೊಂಡ ಪ್ರಾಣಿ ಸಿಕ್ಕರೆ: ತುಮಕೂರು ಕಡೆಯ ಟ್ರೇಲ್ ಓಟಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ದೇವರಾಯನದುರ್ಗ, ನಾಮದ ಚಿಲುಮೆ, ಮಂದರಗಿರಿ, ಸಿದ್ದರಬೆಟ್ಟ, ಮಧುಗಿರಿ. ಭಾನುವಾರ ಬೆಳಗಾದರೆ ಈ ಬೆಟ್ಟಗಳ ಸುತ್ತ ಓಡುವವರು ಈಗ ಜಾಸ್ತಿ. ಆಗಾಗ ನಮ್ಮ ವಾಟ್ಸಾಪ್ ಗುಂಪಿಗೆ ಒಂದೇ ಥರದ ಫೋಟೋ ಬರುತ್ತದೆ: ಪೊದೆ ಪಕ್ಕ ಯಾವುದೋ ಜೀವ ಮುದುಡಿಕೊಂಡಿರುತ್ತದೆ, ಕೆಳಗೆ "ಏನ್ ಮಾಡೋದು?" ಅಂತ ಇರುತ್ತದೆ. ಹತ್ತು ನಿಮಿಷದಲ್ಲಿ ಮೂವತ್ತು ಉತ್ತರ. ಅರ್ಧ ತಪ್ಪು. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಪಶುವೈದ್ಯನಲ್ಲ, ಫಾರೆಸ್ಟ್‌ನವನೂ ಅಲ್ಲ. ಈ ದಾರಿಗಳಲ್ಲಿ ವರ್ಷಗಟ್ಟಲೆ ಓಡಿದ್ದೇನೆ, ತಪ್ಪೂ ಮಾಡಿದ್ದೇನೆ. ಅದರಲ್ಲೊಂದನ್ನು ಕೆಳಗೆ ಹೇಳಿದ್ದೇನೆ.

ಮೊದಲು ಏನು ಮಾಡಬೇಕು?

ನಿಲ್ಲಿ. ಹತ್ತಿರ ಹೋಗಬೇಡಿ. ಹಕ್ಕಿ, ಮೊಲದಂಥ ಸಣ್ಣ ಜೀವವಾದರೆ ಹತ್ತು ಹದಿನೈದು ಮೀಟರ್ ದೂರದಲ್ಲೇ ನಿಂತು ಎರಡು ನಿಮಿಷ ಸುಮ್ಮನೆ ನೋಡಿ. ಉಸಿರಾಡುತ್ತಿದೆಯಾ? ರಕ್ತ ಇದೆಯಾ? ಕಾಲು, ರೆಕ್ಕೆ ಎಳೆಯುತ್ತಿದೆಯಾ? ಸುತ್ತ ನಾಯಿ ಇದೆಯಾ? ತಾಯಿ ಎಲ್ಲಾದರೂ ಕಾಣುತ್ತದಾ? ಫೋನ್ ಮಾಡಿದಾಗ ಆ ಕಡೆಯವರು ಕೇಳುವುದೂ ಇದನ್ನೇ.

ಒಂದು ಮಾತು ನೆನಪಿರಲಿ. ಏದುಸಿರು ಬಿಡುತ್ತಾ ಓಡಿ ಬಂದ ನೀವು ಆ ಪ್ರಾಣಿಯ ಕಣ್ಣಿಗೆ ಅದನ್ನು ತಿನ್ನಲು ಬಂದವರು. ಮುಟ್ಟಿದಾಗ ಅದು ಸುಮ್ಮನಿದ್ದರೆ "ಪಾಪ, ನಮ್ಮನ್ನು ನಂಬಿದೆ" ಅಂದುಕೊಳ್ಳುತ್ತೇವೆ. ಅದು ಹೆದರಿ ಮರಗಟ್ಟಿರುತ್ತದೆ, ಅಷ್ಟೇ.

ಯಾರಿಗೆ ಫೋನ್ ಮಾಡಬೇಕು? ಏನು ಹೇಳಬೇಕು?

ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಅದು ಸಿಗದಿದ್ದರೆ 112. ಹಸು, ಎಮ್ಮೆ, ಮೇಕೆಗಾದರೆ ಪಶುಪಾಲನಾ ಇಲಾಖೆಯ 1962. ಕಾಡುಪ್ರಾಣಿಗೆ ಆ ನಂಬರ್ ಬೇಡ. ನೀವು ಪದೇ ಪದೇ ಓಡುವ ಜಾಗದ ಬೀಟ್ ಗಾರ್ಡ್ (ಆ ಭಾಗದ ಕಾಡು ಕಾಯುವ ಇಲಾಖೆಯವರು) ನಂಬರ್ ಇಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ಹೇಗೂ ಚೆಕ್‌ಪೋಸ್ಟ್ ದಾಟಿಯೇ ಹೋಗುತ್ತೀರಿ, ಒಂದು ದಿನ ನಿಂತು ಕೇಳಿ ಬರೆದುಕೊಳ್ಳಿ.

ಜಾಗ ಹೇಳುವುದರಲ್ಲೇ ಎಲ್ಲರೂ ಎಡವುತ್ತೇವೆ. ಮೊದಲ ಸಲ ನಾನು "ಟ್ರೇಲ್‌ನ ಆರನೇ ಕಿಲೋಮೀಟರ್ ಹತ್ತಿರ" ಅಂದೆ. ಆ ಕಡೆಯಿಂದ ಶಾಂತವಾಗಿ ಉತ್ತರ ಬಂತು: "ಕಿಲೋಮೀಟರ್ ಬಿಡಿ ಸಾರ್, ಯಾರ ತೋಟದ ಹತ್ತಿರ ಹೇಳಿ." ಗಾರ್ಡ್‌ಗೆ ಗೊತ್ತಿರುವುದು ಕಟ್ಟೆ, ಗೋಕಟ್ಟೆ, ಗುಂಡುಕಲ್ಲು, ಹಳೇ ಕಲ್ಯಾಣಿ, ಇಂಥವರ ಮಾವಿನ ತೋಪು. ಆ ಹೆಸರುಗಳನ್ನು ಕಲಿಯಿರಿ. ದನ ಮೇಯಿಸುವವರನ್ನು ಕೇಳಿದರೆ ಒಂದೇ ದಿನದಲ್ಲಿ ಹತ್ತು ಹೇಳುತ್ತಾರೆ. ಜೊತೆಗೆ ಲೊಕೇಶನ್ ಕಳಿಸಿ. ಬೆಟ್ಟದ ಮಡಿಲಲ್ಲಿ ಸಿಗ್ನಲ್ ಇರುವುದಿಲ್ಲ. ಒಬ್ಬರು ಅಲ್ಲೇ ನಿಂತು, ಇನ್ನೊಬ್ಬರು ಬಂಡೆ ಹತ್ತಿ ಕರೆ ಮಾಡಬೇಕು. ಒಬ್ಬರೇ ಇದ್ದರೆ ದಾರಿ ಪಕ್ಕ ಎರಡು ಮೂರು ಕಲ್ಲು ಪೇರಿಸಿ ಗುರುತಿಟ್ಟು ಹೋಗಿ. ವಾಪಸ್ ಬಂದಾಗ ಎಲ್ಲಾ ಪೊದೆಯೂ ಒಂದೇ ಥರ ಕಾಣುತ್ತದೆ.

ನಾವೇ ಅನುಮತಿ ಇಲ್ಲದೆ ಕಾಡಿನೊಳಗೆ ಹೋಗಿದ್ದೆವು. ಫೋನ್ ಮಾಡಿದರೆ ನಮ್ಮ ಮೇಲೇ ಕೇಸ್ ಆಗುತ್ತದಾ?

ಈ ಪ್ರಶ್ನೆ ಖಾಸಗಿಯಾಗಿ ಕೇಳುವವರೇ ಜಾಸ್ತಿ. ರಿಸರ್ವ್ ಫಾರೆಸ್ಟ್ ಒಳಗೆ ಅನುಮತಿ ಇಲ್ಲದೆ ಹೋಗುವುದು ತಪ್ಪು, ಅದಕ್ಕೆ ಬೈಸಿಕೊಳ್ಳಬೇಕಾಗಬಹುದು, ದಂಡವೂ ಬೀಳಬಹುದು. ಆದರೂ ಫೋನ್ ಮಾಡಿ. ಜಾಗವನ್ನು ಸುಳ್ಳು ಹೇಳಬೇಡಿ. "ರೋಡ್ ಪಕ್ಕ ನೋಡಿದೆವು" ಅಂದರೆ ಅವರು ರೋಡ್ ಪಕ್ಕವೇ ಹುಡುಕಿ ವಾಪಸ್ ಹೋಗುತ್ತಾರೆ. ಮುಂದಿನ ಸಲದಿಂದ ಅನುಮತಿ ತಗೊಳ್ಳಿ.

ಮರಿ ಒಂಟಿಯಾಗಿತ್ತು, ತಾಯಿ ಬಿಟ್ಟು ಹೋಗಿದೆ. ಮನೆಗೆ ತರಬಹುದಾ?

ಬೇಡ. ಇಲ್ಲೇ ನನ್ನ ತಪ್ಪು ಹೇಳಿಬಿಡುತ್ತೇನೆ.

ಓಡಲು ಶುರುಮಾಡಿದ ಹೊಸದು. ನಾಮದ ಚಿಲುಮೆ ಕಡೆಯಿಂದ ಇಳಿಯುವಾಗ ಒಣಹುಲ್ಲಿನ ನಡುವೆ ಒಂದು ಮೊಲದ ಮರಿ. ಅಂಗೈಯಷ್ಟು. ಕಣ್ಣು ಬಿಟ್ಟಿತ್ತು, ಮೈತುಂಬಾ ಕೂದಲಿತ್ತು. ಕಿವಿ ಎರಡನ್ನೂ ಬೆನ್ನಿಗೆ ಅಂಟಿಸಿಕೊಂಡು ಕದಲದೆ ಕೂತಿತ್ತು. ಸುತ್ತ ತಾಯಿ ಇಲ್ಲ. ನಾಯಿ ತಿನ್ನುತ್ತದೆ ಅಂದುಕೊಂಡು ಟೋಪಿಯೊಳಗೆ ಇಟ್ಟುಕೊಂಡು ಮನೆಗೆ ತಂದೆ. ಇಂಕ್ ಫಿಲ್ಲರ್‌ನಲ್ಲಿ ಹಸುವಿನ ಹಾಲು ಕೊಟ್ಟೆ. ಮೂಗಿನಿಂದ ನೊರೆ ಬಂತು. ಎರಡನೇ ರಾತ್ರಿ ಸತ್ತಿತು.

ಆಮೇಲೆ ತಿಳಿಯಿತು. ಕಾಡುಮೊಲ ಹಗಲು ಮರಿಯ ಹತ್ತಿರ ಇರುವುದೇ ಇಲ್ಲ. ತಾನಿದ್ದರೆ ವಾಸನೆಗೆ ನರಿ, ನಾಯಿ ಬರುತ್ತವೆ ಅಂತ ದೂರ ಇರುತ್ತದೆ. ಸಾಮಾನ್ಯವಾಗಿ ಕತ್ತಲಾದ ಮೇಲೆ ಬಂದು ಕೆಲವೇ ನಿಮಿಷ ಹಾಲು ಕುಡಿಸಿ ಹೋಗುತ್ತದೆ. ಅವತ್ತು ಸಂಜೆಯೂ ಅದು ಬಂದು ಖಾಲಿ ಹುಲ್ಲು ನೋಡಿರಬೇಕು. ಅನಾಥವಲ್ಲದ ಮರಿಯನ್ನು ನಾನೇ ಅನಾಥ ಮಾಡಿದೆ.

ಜಿಂಕೆ, ಕೃಷ್ಣಮೃಗದ ಮರಿಗಳೂ ಹೀಗೇ ಹುಲ್ಲಿನಲ್ಲಿ ಅಡಗಿ ಮಲಗಿರುತ್ತವೆ. ಕಾಡುಪಾಪದ (ಮರದ ಮೇಲೆ ಬದುಕುವ, ದುಂಡು ಕಣ್ಣಿನ ಪುಟ್ಟ ಪ್ರಾಣಿ, ಸ್ಲೆಂಡರ್ ಲೋರಿಸ್) ತಾಯಿ ರಾತ್ರಿ ಹುಳು ಹಿಡಿಯಲು ಹೋಗುವಾಗ ಮರಿಯನ್ನು ಕೊಂಬೆಗೆ ಕಚ್ಚಿಸಿ ಹೋಗುತ್ತದೆ. ತುಮಕೂರು ಸುತ್ತಮುತ್ತ, ಅದರಲ್ಲೂ ನಾಗವಲ್ಲಿ ಕಡೆಯ ತೋಟ, ಬೇಲಿಸಾಲುಗಳಲ್ಲಿ ಕಾಡುಪಾಪ ಇವೆ. ಟಾರ್ಚ್ ಬೆಳಕಿಗೆ ಕೆಂಪಗೆ ಹೊಳೆಯುವ ಎರಡು ದುಂಡು ಕಣ್ಣು ಕಂಡರೆ ಬೆಳಕು ಬೇರೆ ಕಡೆ ತಿರುಗಿಸಿ ಮುಂದೆ ಹೋಗಿ. ಚಿರತೆ ಮರಿ ಸಿಕ್ಕರೆ ಒಂದು ಕ್ಷಣವೂ ನಿಲ್ಲಬೇಡಿ. ತಾಯಿ ಹತ್ತಿರದಲ್ಲೇ ಇರುತ್ತದೆ.

ಮನುಷ್ಯ ಮುಟ್ಟಿದರೆ ತಾಯಿ ಹಕ್ಕಿ ಮರಿಯನ್ನು ಬಿಟ್ಟುಬಿಡುತ್ತದೆ ಅನ್ನುವುದು ಮಾತ್ರ ಸುಳ್ಳು. ಗೂಡಿನಿಂದ ಬಿದ್ದ, ಇನ್ನೂ ಪುಕ್ಕ ಬರದ ಮರಿಯನ್ನು ಕೈಗೆ ಎಟುಕಿದರೆ ಅದೇ ಗೂಡಿಗೆ ಇಡಬಹುದು. ಪುಕ್ಕ ಬಂದು ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ. ಬಿಡಿ.

ಬೇಸಿಗೆಯಲ್ಲಿ ಹದ್ದು, ಗೂಬೆ ನೆಲಕ್ಕೆ ಬಿದ್ದಿರುತ್ತವೆ. ಏನು ಮಾಡುವುದು?

ಮಾರ್ಚ್‌ನಿಂದ ಮೇವರೆಗೆ ಇದು ಸಾಮಾನ್ಯ. ಬಿಸಿಲಿಗೆ ಬಳಲಿ ಬೀಳುತ್ತವೆ. ಆಷಾಢದಲ್ಲಿ ಇನ್ನೊಂದು ಕಾಟ: ಗಾಳಿಪಟದ ಮಾಂಜಾ ದಾರ. ರೆಕ್ಕೆಗೆ ಸುತ್ತಿಕೊಂಡು ಮಾಂಸದವರೆಗೆ ಕೊಯ್ದಿರುತ್ತದೆ.

ಹಕ್ಕಿಗಳ ವಿಷಯದಲ್ಲಿ ಮಾತ್ರ ಓಟಗಾರ ಸ್ವಲ್ಪ ಕೈ ಹಾಕಬಹುದು. ಹಿಂದಿನಿಂದ ಹೋಗಿ ಟೀ ಶರ್ಟನ್ನೋ ಟವಲನ್ನೋ ಮೈ ಮುಚ್ಚುವಂತೆ ಹಾಕಿ. ತಲೆ ಮುಚ್ಚಿ ಕತ್ತಲಾದ ಕೂಡಲೇ ಅರ್ಧ ಶಾಂತವಾಗುತ್ತದೆ. ಹದ್ದಿನ ಕೊಕ್ಕಿಗಿಂತ ಕಾಲಿಗೆ ಹುಷಾರಾಗಿರಿ. ಉಗುರು ಅಂಗೈಗೆ ಇಳಿದರೆ ಬಿಡಿಸಲು ಇಬ್ಬರು ಬೇಕು. ರಟ್ಟಿನ ಡಬ್ಬಕ್ಕೆ ನಾಲ್ಕು ತೂತು ಮಾಡಿ, ಒಳಗೆ ಬಟ್ಟೆ ಹಾಸಿ, ಹಕ್ಕಿ ಇಟ್ಟು ನೆರಳಲ್ಲಿಡಿ. ಬೆಟ್ಟದ ಕೆಳಗಿನ ಅಂಗಡಿಯಲ್ಲಿ ಬಿಸ್ಕೆಟ್ ಡಬ್ಬ ಕೇಳಿದರೆ ಕೊಡುತ್ತಾರೆ. ಮಾಂಜಾ ಎಳೆದು ಬಿಚ್ಚಬೇಡಿ. ಮರಕ್ಕೆ ಸಿಕ್ಕಿಕೊಂಡ ಕಡೆಯನ್ನಷ್ಟೇ ಕತ್ತರಿಸಿ, ಮೈಗೆ ಸುತ್ತಿದ್ದನ್ನು ವೈದ್ಯರಿಗೆ ಬಿಡಿ.

ಬಾವಲಿಗೆ ಇದು ಅನ್ವಯಿಸುವುದಿಲ್ಲ. ಮುಳ್ಳುತಂತಿಗೆ ಸಿಕ್ಕ ಬಾವಲಿಯನ್ನು ಬರಿಗೈಯಲ್ಲಿ ಯಾವತ್ತೂ ಮುಟ್ಟಬೇಡಿ.

ನೀರಾದರೂ ಕುಡಿಸಬಹುದಲ್ವಾ?

ಬಾಯಿಗೆ ಸುರಿಯಬೇಡಿ. ಹಕ್ಕಿಯ ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ನೀವು ಸುರಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ನನ್ನ ಮೊಲದ ಮೂಗಿನಲ್ಲಿ ಬಂದ ನೊರೆಯೂ ಅದೇ. ಪ್ರಜ್ಞೆ ಇರುವ ಹಕ್ಕಿಯ ಮುಂದೆ ಮುಚ್ಚಳದಲ್ಲಿ ನೀರಿಟ್ಟು ದೂರ ಹೋಗಿ. ಬೇಕಿದ್ದರೆ ತಾನೇ ಕುಡಿಯುತ್ತದೆ. ಹಾಲು, ಅನ್ನ, ಬ್ರೆಡ್, ಓಆರ್‌ಎಸ್, ನಿಮ್ಮ ಎನರ್ಜಿ ಜೆಲ್ ಯಾವುದೂ ಬೇಡ. (ಜೆಲ್ ಕೊಟ್ಟವರಿದ್ದಾರೆ. ಹೆಸರು ಹೇಳುವುದಿಲ್ಲ.)

ಜಿಂಕೆಯನ್ನೋ ಕೃಷ್ಣಮೃಗವನ್ನೋ ನಾಯಿ ಅಟ್ಟಿಸಿಕೊಂಡು ಬಂದರೆ?

ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ, ಸುಮಾರು 800 ಎಕರೆ ಹುಲ್ಲುಗಾವಲು. ಕೃಷ್ಣಮೃಗ ಬೇಲಿ ನೋಡಿಕೊಂಡು ಇರುವ ಪ್ರಾಣಿ ಅಲ್ಲ, ಸುತ್ತಲ ಹೊಲಗಳಿಗೂ ಬರುತ್ತವೆ. ಊರ ನಾಯಿಗಳು ಗುಂಪು ಕಟ್ಟಿ ಅಟ್ಟುತ್ತವೆ.

ನಾಯಿಗಳನ್ನು ದೂರದಿಂದ ಕೂಗಿ, ನೆಲಕ್ಕೆ ಕಲ್ಲು ಎಸೆದು ಚದುರಿಸಿ. ಜಿಂಕೆಯ ಹಿಂದೆ ಮಾತ್ರ ಹೋಗಬೇಡಿ, ಹಿಡಿಯಲೇಬೇಡಿ. ಪ್ರಾಣಭಯದಲ್ಲಿ ಮಿತಿಮೀರಿ ಓಡಿದ ಜಿಂಕೆಯ ಸ್ನಾಯುಗಳು ಒಳಗೇ ಒಡೆಯತೊಡಗುತ್ತವೆ. ರಕ್ತ ಆಮ್ಲವಾಗುತ್ತದೆ, ಒಡೆದ ಸ್ನಾಯುವಿನ ಕಸ ಮೂತ್ರಪಿಂಡಕ್ಕೆ ಕೂತು ಅದನ್ನೂ ಕೆಡಿಸುತ್ತದೆ. ಇದಕ್ಕೆ ಕ್ಯಾಪ್ಚರ್ ಮಯೋಪತಿ ಅನ್ನುತ್ತಾರೆ. ಮೈಮೇಲೆ ಒಂದು ಗೀರೂ ಇಲ್ಲದ ಜಿಂಕೆ ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ ಬಿಟ್ಟು ಸಾಯುವುದು ಇದರಿಂದಲೇ. ಅಲ್ಟ್ರಾ (ಮ್ಯಾರಥಾನ್‌ಗಿಂತ ಉದ್ದದ ಓಟ) ಓಡಿ ಕೋಲಾ ಬಣ್ಣದ ಮೂತ್ರ ಮಾಡಿ ಆಸ್ಪತ್ರೆ ಸೇರಿದವರ ಕಥೆ ಕೇಳಿದ್ದೀರಲ್ಲ, ಹೆಚ್ಚುಕಮ್ಮಿ ಅದೇ ಕಾಯಿಲೆ. ನಮಗೆ ಡ್ರಿಪ್ ಹಾಕುತ್ತಾರೆ. ಜಿಂಕೆಯನ್ನು ನಾಲ್ಕು ಜನ ಹಿಡಿದುಕೊಂಡು ಸೆಲ್ಫಿ ತೆಗೆಯುತ್ತಾರೆ.

ಬಿದ್ದುಬಿಟ್ಟಿದ್ದರೆ ಮಾತಿಲ್ಲದೆ ದೂರ ನಿಲ್ಲಿ. ಬೇರೆಯವರನ್ನೂ ತಡೆಯಿರಿ. ನಿಮ್ಮದೇ ನಾಯಿ ಜೊತೆ ಓಡುವವರಾದರೆ ಹಗ್ಗ ಬಿಚ್ಚಬೇಡಿ.

ಗಾಯಗೊಂಡ ಚಿರತೆ ಅಥವಾ ಕರಡಿ ಎದುರಾದರೆ?

ಕನಿಷ್ಠ ನೂರು ಮೀಟರ್ ಹಿಂದೆ ಸರಿಯಿರಿ. ಬೆನ್ನು ತಿರುಗಿಸಿ ಓಡಬೇಡಿ. ನಾವು ಓಡುವುದನ್ನೇ ಅಭ್ಯಾಸ ಮಾಡಿದವರು, ಆ ಹೊತ್ತಲ್ಲಿ ಕಾಲು ತಾನಾಗೇ ಓಡುತ್ತದೆ, ಅದನ್ನು ತಡೆಯಬೇಕು. ಮುಖ ಅದರ ಕಡೆಗೇ ಇಟ್ಟು ನಿಧಾನ ಹಿಂದಕ್ಕೆ ಹೆಜ್ಜೆ ಹಾಕಿ. ಕುಂಟುವ ಚಿರತೆ ಮೆತ್ತಗಿರುತ್ತದೆ ಅನ್ನುವ ಭ್ರಮೆ ಬೇಡ. 2019-20ರಲ್ಲಿ ಗುಬ್ಬಿ, ಹೆಬ್ಬೂರು ಕಡೆ ಚಿರತೆ ದಾಳಿಗೆ ಜನ ಸತ್ತಿದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. ಹಾಗಾಗಿ "ಚಿರತೆ ಬಿದ್ದಿದೆ" ಅನ್ನುವ ಸುದ್ದಿ ಹಳ್ಳಿಗೆ ಮುಟ್ಟಿದರೆ ಅರ್ಧ ಗಂಟೆಯಲ್ಲಿ ಇನ್ನೂರು ಜನ ದೊಣ್ಣೆ ಹಿಡಿದು ಸೇರುತ್ತಾರೆ. ಮೊದಲು 1926ಕ್ಕೆ ಹೇಳಿ. ವಾಟ್ಸಾಪ್ ಗುಂಪಿಗೆ ಆಮೇಲೆ, ಅಥವಾ ಹೇಳಲೇಬೇಡಿ.

ಕರಡಿ ಇನ್ನೂ ಕಷ್ಟ. ಅದರ ಕಣ್ಣು ಮಂದ. ಗೆದ್ದಲ ಹುತ್ತ ಬಗೆಯುವಾಗ ಲೋಕವೇ ಮರೆತಿರುತ್ತದೆ. ನೀವು ತಿರುವಿನಲ್ಲಿ ಸದ್ದಿಲ್ಲದೆ ಮುಂದೆ ಬಂದರೆ ಬೆಚ್ಚಿ ಮೇಲೆ ಬೀಳುತ್ತದೆ. ತಾಯಿಯಾದರೆ ಬೆನ್ನಮೇಲೆ ಮರಿ ಕೂತಿರುತ್ತದೆ. ಬೆಳಕು ಹರಿಯುವ ಮುಂಚೆ ಇಯರ್‌ಫೋನ್ ಹಾಕಿಕೊಂಡು ಈ ಬೆಟ್ಟಗಳಲ್ಲಿ ಓಡುವುದು ಶುದ್ಧ ಹುಚ್ಚುತನ. ಗಾಯಗೊಂಡು ಸಿಕ್ಕ ಕರಡಿಗಳನ್ನು ನೋಡಿಕೊಳ್ಳಲು ಬನ್ನೇರುಘಟ್ಟದಲ್ಲಿ ಕೇಂದ್ರವಿದೆ. ಅಲ್ಲಿಯವರೆಗೆ ಒಯ್ಯುವುದು ಇಲಾಖೆಯ ಕೆಲಸ.

ಉರುಳಿಗೆ ಸಿಕ್ಕಿಕೊಂಡ ಪ್ರಾಣಿಯನ್ನು ನಾವೇ ಬಿಡಿಸಬಾರದಾ?

ಬಿಡಿಸಬಾರದು. ಇದನ್ನು ಒಪ್ಪುವುದು ಎಷ್ಟು ಕಷ್ಟ ಅಂತ ಗೊತ್ತು.

ಕೊರಟಗೆರೆ ಕಡೆ ಒಂದು ತೋಟದ ಬೇಲಿ. ಬೇಲಿಯ ಕಂಡಿಯಲ್ಲಿ ಬೈಕಿನ ಕ್ಲಚ್ ವೈರಿನ ಕುಣಿಕೆ, ಮೊಣಕಾಲಿನ ಎತ್ತರಕ್ಕೆ, ಬಂದರೆ ಅನ್ನುವ ಪೊದೆಗಿಡದ ಬುಡಕ್ಕೆ ಕಟ್ಟಿತ್ತು. ಹಾಕಿದ್ದು ಕಾಡುಹಂದಿಗೆ, ಸಿಕ್ಕಿದ್ದು ನರಿ. ವೈರು ಸೊಂಟಕ್ಕೆ ಬಿಗಿದಿತ್ತು. ರಾತ್ರಿಯೆಲ್ಲಾ ಸುತ್ತಿ ಸುತ್ತಿ ಗಿಡದ ಸುತ್ತ ನೆಲ ತಟ್ಟೆಯ ಹಾಗೆ ದುಂಡಗೆ ಬೋಳಾಗಿತ್ತು. ಕೈಗೆಟುಕುವ ತೊಗಟೆಯನ್ನೆಲ್ಲಾ ಕಚ್ಚಿ ಕಿತ್ತಿತ್ತು. ನಮ್ಮನ್ನು ನೋಡಿ ಹಲ್ಲು ತೋರಿಸಿತು, ಆಮೇಲೆ ಅದನ್ನೂ ಬಿಟ್ಟು ತಲೆ ನೆಲಕ್ಕಿಟ್ಟಿತು. ಗೆಳೆಯನ ಬ್ಯಾಗಿನಲ್ಲಿ ಕಟಿಂಗ್ ಪ್ಲೇಯರ್ ಇತ್ತು. "ಎರಡು ಸೆಕೆಂಡಿನ ಕೆಲಸ ಕಣೋ" ಅಂದ.

ನಿಜ, ಎರಡು ಸೆಕೆಂಡಿನ ಕೆಲಸ. ಆದರೆ ಕತ್ತರಿಸಿದರೆ ಅದು ಕುಣಿಕೆಯ ಸಮೇತ ಓಡುತ್ತದೆ. ಮಾಂಸದೊಳಗೆ ಇಳಿದ ವೈರು ಅಲ್ಲೇ ಉಳಿದು ಹುಳ ಬಿದ್ದು, ವಾರವಿಡೀ ನರಳಿ ಯಾರಿಗೂ ಕಾಣದ ಕಡೆ ಸಾಯುತ್ತದೆ. ಸೊಂಟಕ್ಕೆ ಬಿಗಿದಿದ್ದರೆ ಒಳಗಿನ ಅಂಗಗಳಿಗೂ ಪೆಟ್ಟಾಗಿರಬಹುದು. ಅರಿವಳಿಕೆ ಕೊಟ್ಟು, ಪರೀಕ್ಷೆ ಮಾಡಿ ಬಿಡಿಸಬೇಕು. ನಾವು ನಲವತ್ತು ಮೀಟರ್ ದೂರದ ಬದುವಿನ ಹಿಂದೆ ಎರಡು ಗಂಟೆ ಕೂತೆವು. ಬೆವರು ಆರಿ ಚಳಿ ಹತ್ತಿತು. ಕಲ್ಲು ಹಿಡಿದು ಬಂದ ಮೂರು ಹುಡುಗರನ್ನು ಮಾತಾಡಿಸಿ ವಾಪಸ್ ಕಳಿಸಿದ್ದೇ ಅವತ್ತು ನಾವು ಮಾಡಿದ ದೊಡ್ಡ ಕೆಲಸ.

ಖಾಲಿ ಉರುಳು ಕಂಡರೂ ಫೋಟೋ, ಲೊಕೇಶನ್ ತೆಗೆದು ಇಲಾಖೆಗೆ ಕೊಡಿ. ಕಿತ್ತು ಬಿಸಾಡಿದರೆ ಸಾಕ್ಷಿ ಹೋಗುತ್ತದೆ. ಕಾನೂನಿನಲ್ಲಿ ಉರುಳು ಹಾಕುವುದೂ ಬೇಟೆಯೇ. ಹಿಟ್ಟಿನ ಉಂಡೆಯ ಹಾಗೆ ದಾರ ಸುತ್ತಿದ ಗಂಟು ಕಂಡರೆ ಕಾಲಲ್ಲೂ ತಾಕಿಸಬೇಡಿ. ಹಂದಿಗೆ ಇಡುವ ಸಿಡಿಮದ್ದು ಇರಬಹುದು. ದೂರ ಹೋಗಿ 112ಕ್ಕೆ ಹೇಳಿ.

ಬಲೆಗೆ ಸಿಕ್ಕಿಕೊಂಡ ಹಾವು?

ತೋಟದ ಪ್ಲಾಸ್ಟಿಕ್ ಬಲೆಗೆ ಕೇರೆ, ನಾಗರ ಸಿಕ್ಕಿಕೊಳ್ಳುವುದು ಮಾಮೂಲು. "ಕೇರೆ ತಾನೇ" ಅಂತ ಕೈ ಹಾಕಬೇಡಿ. ಬಲೆಯೊಳಗೆ ಸುತ್ತಿಕೊಂಡ ಹಾವನ್ನು ಗುರುತಿಸುವುದು ಬಲ್ಲವರಿಗೂ ಕಷ್ಟ. ಬಿಸಿಲಿದ್ದರೆ ದೂರದಿಂದ ಉದ್ದ ಕೋಲಲ್ಲಿ ಒಂದು ಬಟ್ಟೆ ಅಡ್ಡ ಹಾಕಿ ನೆರಳು ಮಾಡಿ, ಫೋನ್ ಮಾಡಿ.

ಕಚ್ಚಿದರೆ 108. ಕಟ್ಟುವುದು, ಕೊಯ್ಯುವುದು, ಚೀಪುವುದು, ನಾಟಿ ಔಷಧಿ ಯಾವುದೂ ಬೇಡ. ಉಂಗುರ, ವಾಚ್, ಶೂ ಬಿಚ್ಚಿ, ಊತ ಬರುತ್ತದೆ. ಓಡಿಕೊಂಡು ಇಳಿಯಬೇಡಿ, ಹೊತ್ತು ಇಳಿಸಲಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಕೊಡುತ್ತಾರೆ. ಹಾಗಾಗಿ ಹಾವನ್ನು ಹಿಡಿದು ತರುವ ಸಾಹಸ ಬೇಡ.

ಘಾಟ್ ರಸ್ತೆಯಲ್ಲಿ ಗಾಡಿ ಹೊಡೆದ ಕೋತಿ?

ದೇವರಾಯನದುರ್ಗದ ರಸ್ತೆಯಲ್ಲಿ ಕಾರು ನಿಲ್ಲಿಸಿ ಬಾಳೆಹಣ್ಣು ಕೊಡುವವರಿಂದಲೇ ಇದು ಆಗುವುದು. ಭಕ್ತಿ ಅಂದುಕೊಂಡು ಕೊಡುತ್ತಾರೆ, ಕೋತಿ ಗಾಡಿ ಕಂಡ ಕಡೆ ಓಡಿ ಬರುತ್ತದೆ. ಗಾಯಗೊಂಡ ಕೋತಿಯ ಸುತ್ತ ಅದರ ಗುಂಪು ಇರುತ್ತದೆ, ಹತ್ತಿರ ಹೋದರೆ ಕಚ್ಚುತ್ತವೆ. ದೂರ ನಿಂತು ಗಾಡಿಗಳನ್ನು ನಿಧಾನ ಮಾಡಿಸಿ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ರೇಬಿಸ್ ಲಸಿಕೆಗೆ ಹೋಗಿ. ಸತ್ತ ಕೋತಿ ಕಂಡರೂ ಮುಟ್ಟದೆ ತಿಳಿಸಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಮಲೆನಾಡಿನದು. ಆದರೂ ಸತ್ತ ಮಂಗದ ಮೈಯಿಂದ ಉಣ್ಣೆ ಹತ್ತಿಸಿಕೊಳ್ಳುವುದು ಎಲ್ಲೂ ಜಾಣತನವಲ್ಲ.

ಬಾವಿಗೆ ಬಿದ್ದ ಪ್ರಾಣಿ?

ಕಟ್ಟೆ ಇಲ್ಲದ ಹಳೇ ಬಾವಿಗಳು ನಮ್ಮ ಕಡೆ ಬೇಕಾದಷ್ಟಿವೆ. ಪುನುಗು ಬೆಕ್ಕು, ಉಡದಂಥವಾದರೆ ಒಂದು ಉದ್ದ ತೆಂಗಿನ ಗರಿಯನ್ನೋ ಒರಟು ಕೊಂಬೆಯನ್ನೋ ಇಳಿಬಿಟ್ಟು ದೂರ ಹೋಗಿ. ಜನ ಇಲ್ಲದಾಗ ತಾನೇ ಹತ್ತಿ ಹೋಗಬಹುದು. ಬಾವಿಯ ಅಂಚು ಕುಸಿಯುತ್ತದೆ, ಇಣುಕುವಾಗ ಹುಷಾರು. ಚಿರತೆಯಾದರೆ ಅಂಚಿಗೂ ಹೋಗಬೇಡಿ.

ನಾವೇ ಮನೆಯಲ್ಲಿಟ್ಟು ಆರೈಕೆ ಮಾಡಿದರೆ ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥ ಪ್ರಾಣಿ ಸರ್ಕಾರದ ಸ್ವತ್ತು. ಯಾವುದೇ ಕಾರಣಕ್ಕೆ ನಿಮ್ಮ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿದೆ. ನವಿಲು, ಕಾಡುಪಾಪ, ಚಿಪ್ಪುಹಂದಿ, ಉಡ, ನಕ್ಷತ್ರ ಆಮೆ ಎಲ್ಲವೂ ಅದರ ಮೊದಲ ಪಟ್ಟಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯಲ್ಲಿವೆ. ಇವುಗಳ ವಿಷಯದಲ್ಲಿ ಅಪರಾಧ ಸಾಬೀತಾದರೆ 3ರಿಂದ 7 ವರ್ಷ ಜೈಲು. ಆಮೆ ಮನೆಯಲ್ಲಿದ್ದರೆ ಅದೃಷ್ಟ ಅಂತ ತಂದಿಟ್ಟುಕೊಳ್ಳುವವರು ಇದನ್ನು ಎರಡು ಸಲ ಓದಿ. ರಸ್ತೆ ದಾಟುತ್ತಿರುವ ಆಮೆಯನ್ನು ಅದು ಹೊರಟ ದಿಕ್ಕಿಗೇ ದಾಟಿಸಿ ಬಿಡಿ, ಸಾಕು.

ಫೋಟೋ ಹಾಕಬಹುದಾ?

ಇಲಾಖೆಗೆ ಕಳಿಸಲು ದೂರದಿಂದ ಒಂದೆರಡು ತೆಗೆಯಿರಿ. ಇನ್‌ಸ್ಟಾಗ್ರಾಮ್‌ಗೆ, ಓಡಿದ ದಾರಿ ತೋರಿಸುವ ಸ್ಟ್ರಾವಾ ಆ್ಯಪ್‌ಗೆ ಜಾಗದ ಸಮೇತ ಹಾಕಬೇಡಿ. ಚಿಪ್ಪುಹಂದಿ, ಕಾಡುಪಾಪ, ನಕ್ಷತ್ರ ಆಮೆಗಳನ್ನು ಹಿಡಿದು ಮಾರುವವರಿದ್ದಾರೆ. ನಿಮ್ಮ ಮ್ಯಾಪ್ ಅವರಿಗೆ ದಾರಿ ತೋರಿಸುತ್ತದೆ.

ಬ್ಯಾಗಿನಲ್ಲಿ ಏನಿರಬೇಕು?

ಒಂದು ತೆಳು ಹತ್ತಿ ಟವಲ್, ಸಣ್ಣ ಕತ್ತರಿ, ಸೋಪಿನ ತುಂಡು, ಸೀಟಿ, ಚಾರ್ಜ್ ಇರುವ ಫೋನ್. ಒಂದು ತೆಳು ಜಾಕೆಟ್ ಕೂಡ. ಅದು ಪ್ರಾಣಿಗಲ್ಲ, ಕಾಯುತ್ತಾ ಕೂರುವ ನಿಮಗೆ.

ಆಮೇಲೆ ಆ ಪ್ರಾಣಿ ಏನಾಯಿತು ಅಂತ ತಿಳಿಯುತ್ತದಾ?

ಕೆಲವೊಮ್ಮೆ. ಮಾರನೇ ದಿನ ಗಾರ್ಡ್‌ಗೆ ಒಂದು ಫೋನ್ ಮಾಡಿ ಕೇಳಿ, ತಪ್ಪಿಲ್ಲ. ನರಿಯನ್ನು ಬಲೆ ಹಾಕಿ ಗಾಡಿಯಲ್ಲಿ ಒಯ್ದಿದ್ದನ್ನು ನೋಡಿದೆವು. ಮುಂದೆ ಏನಾಯಿತೋ ಗೊತ್ತಾಗಲಿಲ್ಲ. ಕಳೆದ ಬೇಸಿಗೆಯಲ್ಲಿ ಬಿಸ್ಕೆಟ್ ಡಬ್ಬದಲ್ಲಿಟ್ಟು ಕೊಟ್ಟ ಹದ್ದಿನದು ಮಾತ್ರ ಏಳು ಸೆಕೆಂಡಿನ ವಿಡಿಯೋ ಬಂತು. ಡಬ್ಬ ಓರೆ ಮಾಡುತ್ತಾರೆ, ಹದ್ದು ಒಂದು ಕ್ಷಣ ಹೊರಗೆ ಬರುವುದಿಲ್ಲ. ಆಮೇಲೆ ದಡಬಡ ಹಾರಿ ಪಕ್ಕದ ಹೊಂಗೆ ಮರದಲ್ಲಿ ಕೂತು, ರೆಕ್ಕೆ ಕೊಡವಿ, ಕೆಳಗೆ ನಿಂತವರ ಟೋಪಿ ಮೇಲೆ ಪಿಚಕ್ಕನೆ ಹಿಕ್ಕೆ ಹಾಕುತ್ತದೆ.